ಹಿಟ್ಟಿನ ಲೆಕ್ಕ

ಶಿಡ್ಲಘಟ್ಟದ ರೀಲಿಂಗ್ ಬೀದಿಯ ಕೊನೆಗೆ ನಮ್ಮ ಅಂಗನವಾಡಿ.
ಬೆಳಗ್ಗೆ ಬಾಗಿಲು ತೆಗೆದರೆ ಮಕ್ಕಳಿಗಿಂತ ಮೊದಲು
ಒಳಗೆ ಬರುವುದು ಬೇಯುವ ಗೂಡಿನ ವಾಸನೆ.
ಹೊಸ ಮೇಡಂ ಮೂಗು ಮುಚ್ಚುತ್ತಾರೆ.
ನಮಗೆ ಅದು ಗಾಳಿ.

ಗೋಡೆಯ ವೇಳಾಪಟ್ಟಿಯಲ್ಲಿ ಅಚ್ಚಾಗಿದೆ:
ಹತ್ತೂವರೆಯಿಂದ ಹನ್ನೊಂದು, ಚಿತ್ರ.
ಬಣ್ಣದ ಕಡ್ಡಿ ಬಂದಿದ್ದವು ಒಂದು ಸಲ,
ಇಪ್ಪತ್ತೆಂಟು ಮಕ್ಕಳಿಗೆ ಹನ್ನೆರಡು;
ಕೆಂಪನ್ನು ಯಾರೋ ತಿಂದರು.

ಆಮೇಲೆ ಮನೆಯಿಂದ ನಾನೇ ತಂದೆ
ಒಂದು ಪಾವು ರಾಗಿಹಿಟ್ಟು, ಚಿಟಿಕೆ ಅರಿಶಿನ,
ಒಡೆದ ಹೆಂಚು, ಒಲೆಯ ಇದ್ದಿಲು,
ತೋಟದ ಬದಿಯ ಹಿಪ್ಪುನೇರಳೆ ಹಣ್ಣು.
ಕೈಗೆ ಹತ್ತಿದರೆ ಮೂರು ದಿನ ಬಿಡದು.

ಬೆಂಡೆಕಾಯಿ ಕುಯ್ದು ಗೋಡೆಗೆ ಒತ್ತಿದೆವು.
ಮುನಿನಂಜಪ್ಪನ ಮೊಮ್ಮಗ ಲೋಹಿತ
ಅಚ್ಚಿನ ಕಣ್ಣಿಗೆಲ್ಲ ಬೆರಳಿಟ್ಟು ಎಣಿಸಿದ: ಐದು.
ಇನ್ನೊಂದು ಒತ್ತಿದ: ಐದು.
ಮೂರನೇ ಕಾಯಿಗೆ ಆರು ಬಂತು.
ನಾನೇನೋ ಮೋಸ ಮಾಡಿದೆನೆಂಬಂತೆ
ತಿರುಗಿ ನನ್ನನ್ನು ನೋಡಿದ.
ಒಂದು ಎರಡು ಎಂದು ಹತ್ತರವರೆಗೆ
ಉಸಿರು ಬಿಡದೆ ಒಪ್ಪಿಸುತ್ತಿದ್ದವನು
ಅಂದು ಮೊದಲ ಸಲ ಆರನ್ನು ಕಂಡ.

ಬಾಯಿ ಬಿಡದವಳು ಸಮ್ರೀನ್.
ಸೇರಿ ಮೂರು ತಿಂಗಳು. ಮನೆಯಲ್ಲಿ ಉರ್ದು,
ಬೀದಿಯಲ್ಲಿ ತೆಲುಗು, ಇಲ್ಲಿ ನಾನು.
'ಮಾತು' ಎಂಬ ಕಾಲಮ್ಮಿನಲ್ಲಿ
ಅವಳ ಹೆಸರಿನ ಮುಂದೆ ಒಂದು ಅಡ್ಡಗೀಟು ಎಳೆದಿದ್ದೆ.
ಅವಳನ್ನು ಕುರಿತು ನಾನು ಬರೆದ ಚಿತ್ರ ಅದೊಂದೇ.

ತಟ್ಟೆಯಲ್ಲಿ ಹಿಟ್ಟು ಹರಡಿ ಮುಂದಿಟ್ಟೆ.
ತೋರುಬೆರಳು ಅಂಚಿನಿಂದ ಹೊರಟಿತು,
ಸುತ್ತು, ಸುತ್ತಿನೊಳಗೆ ಸುತ್ತು, ಎತ್ತದೆ,
ನಡುವಿಗೆ ಬಂದು ನಿಂತಿತು.
'ಮನೆ ಬರಿಯಮ್ಮ, ಹೂವು ಬರಿ'
ನಾಲಿಗೆಯ ತುದಿಗೆ ಬಂದಿತ್ತು.
ಪುಣ್ಯಕ್ಕೆ ಆ ಹೊತ್ತಿಗೆ ಹಾಲು ಉಕ್ಕಿತು, ಓಡಿದೆ.

ಮರುದಿನವೂ ಅದೇ ಸುತ್ತು. ಅದರ ಮರುದಿನವೂ.
ಮೇಡಂ ಬಗ್ಗಿ ನೋಡಿ, ಬರೀ ಗೀಚುತ್ತೆ, ಅಂದರು.
ಅವರ ನಮೂನೆಯಲ್ಲಿ ಪ್ರಶ್ನೆ ಇತ್ತು:
ಗೆರೆ ದಾಟದೆ ಬಣ್ಣ ತುಂಬುತ್ತದೆಯೇ? ಹೌದು, ಇಲ್ಲ.
ಗೆರೆಯೇ ಅವಳದಾದರೆ
ಎಲ್ಲಿ ಗುರುತು ಹಾಕಬೇಕೆಂದು ಇರಲಿಲ್ಲ.

ಒಂಬತ್ತನೆಯ ದಿನ ಅರಿಶಿನ ಕೇಳಿದಳು, ಕಣ್ಣಲ್ಲೇ.
ಸುತ್ತಿನ ಸಂದಿನಲ್ಲಿ ಒಂದೊಂದೇ ಚಿಟಿಕೆ ಇಟ್ಟಳು,
ಜಾಗ ಬಿಟ್ಟು, ಒಂದಕ್ಕೊಂದು ತಾಗದಂತೆ.
ಆಗ ಕಂಡಿತು ನನಗೆ:
ಚಂದ್ರಿಕೆ! ನಮ್ಮೂರ ಪ್ರತಿ ಗೋಡೆಗೂ ಒರಗಿರುವ
ಬಿದಿರ ಚಂದ್ರಿಕೆ, ಗೂಡು ಸಮೇತ.
ಗೂಡು ಬಿಡಿಸುವ ಕೂಲಿಗೆ ಅವಳಮ್ಮ
ಇವಳನ್ನು ಸೊಂಟದಲ್ಲಿಟ್ಟುಕೊಂಡೇ ಹೋಗುತ್ತಾಳೆ.
ಅಷ್ಟು ದಿನ ನಾನು ಓದಲು ಬಾರದವಳಾಗಿದ್ದೆ.

'ಇವೇನು?' ಅಂದೆ, ಅರಿಶಿನ ತೋರಿಸಿ.
ತುಟಿಯ ಮೇಲೆ ಹಿಟ್ಟಿನ ಬೆರಳಿಟ್ಟು, ಮೆಲ್ಲಗೆ,
'ಸೋ ರೈಂ' ಅಂದಳು.
ಮಲಗಿವೆ.
ಲೋಹಿತ ಹತ್ತಿರ ಬಂದು, ತಾನೂ ಪಿಸುಮಾತಿನಲ್ಲಿ
'ಮಲಗವ್ವೆ' ಅಂದ. ಅವಳು ಅವನ ಬಾಯನ್ನೇ ನೋಡಿದಳು.
'ಮಲಗವ್ವೆ' ಅಂದಳು.

ಬೀದಿಯಾಚೆ ಅವಳಪ್ಪ ರೀಲು ತಿರುಗಿಸುತ್ತಿದ್ದ.
ಬಾಂಡ್ಲಿಯಲ್ಲಿ ಮಲಗಿದವು ಏನಾಗುತ್ತವೆ
ಎಂದು ಅವಳು ಕೇಳಲಿಲ್ಲ.
ಕೇಳಿದ್ದರೆ ನನ್ನ ಬಳಿ ಇನ್ನೂ ಉತ್ತರವಿಲ್ಲ.

ಈಗ ಸುತ್ತು ಬರೆಯುತ್ತ ನಡುದಾರಿಯಲ್ಲಿ
ಬೆರಳನ್ನು ಹೊರಗೆ ಎಳೆದುಬಿಡುತ್ತಾಳೆ,
ತಲೆಕಟ್ಟು ಇಲ್ಲದ ರಕಾರದ ಹಾಗೆ ಏನೋ ಒಂದು.
ನಾನು ಏನೂ ಹೇಳುವುದಿಲ್ಲ.
ರಕಾರಕ್ಕೆ ಅವಸರವಿಲ್ಲ.
ಅವಳ ಅಂಗಿಯ ಗುಂಡಿ ಅವಳೇ ಹಾಕಿಕೊಳ್ಳುತ್ತಾಳೆ.

ಸ್ಟಾಕ್ ಪುಸ್ತಕ ನೋಡಿ ಮೇಡಂ ಕೇಳಿದರು,
ತಟ್ಟೆಯಲ್ಲಿರೋ ಹಿಟ್ಟು ಯಾವ ಲೆಕ್ಕ?
ನನ್ನ ಮನೇದು ಮೇಡಂ, ಅಂದೆ.
ಸಂಜೆ ತಟ್ಟೆ ಕುಲುಕಿದೆ. ಚಂದ್ರಿಕೆ ಹೋಯಿತು.
ಸಮ್ರೀನ್ ಅಳಲಿಲ್ಲ, ನಾಳೆಯದು ಅವಳ ಬೆರಳಲ್ಲಿತ್ತು.

ವಾರಕ್ಕೊಮ್ಮೆ ಜರಡಿ ಹಿಡಿದು
ಆ ಹಿಟ್ಟಿಗೇ ಎಸರಿಡುತ್ತೇನೆ.
ಮುದ್ದೆ ಮುರಿಯುತ್ತ ಗಂಡ ಕೇಳುತ್ತಾನೆ,
ಇದ್ಯಾಕೆ ಅರಿಶಿನ ಅರಿಶಿನ?
ಉಣ್ಣು, ಅನ್ನುತ್ತೇನೆ.